ಒಂದು ಹನಿಗಾಗಿ ಅರ್ಧ ತಾಸು

ಅಂಬರನಾಥ ಪೂರ್ವದ, ಲಿಫ್ಟ್ ಇಲ್ಲದ ಕಟ್ಟಡವೊಂದರ ಎರಡನೇ ಮಹಡಿ. ಸೋಸಿದ ರಾಗಿ ಗಂಜಿ ಆರುತ್ತಿದೆ. ಸೊಸೆ ಸಿರಿಂಜು ಹಿಡಿದು ಮಾವನವರ ಹಾಸಿಗೆಯ ಪಕ್ಕ ನಿಂತಿದ್ದಾಳೆ. ಪಾರ್ಶ್ವವಾಯು ಬಡಿದ ಮೇಲೆ ಅವರಿಗೆ ನುಂಗಲಾಗುವುದಿಲ್ಲ; ಮೂಗಿನಿಂದ ಹೊಟ್ಟೆಗೆ ಇಳಿದ ರೈಲ್ಸ್ ಟ್ಯೂಬೇ ಊಟದ ದಾರಿ. ರಾತ್ರಿ ನಿದ್ದೆಗಣ್ಣಲ್ಲಿ ಅದನ್ನು ಕಿತ್ತುಕೊಂಡಿದ್ದರು. ಬೆಳಿಗ್ಗೆ ನರ್ಸ್ ಬಂದು ಹೊಸದು ಹಾಕಿದರು. ಸಿರಿಂಜಿನಿಂದ ಗಾಳಿ ಬಿಟ್ಟು, ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಕೇಳಿ, ‘ಬರೋಬರ್ ಆಹೆ’ ಎಂದು ಹೊರಟರು.

‘ನರ್ಸಬಾಯಿ ಹೇಳ್ಯಾಳಲ್ಲ, ಮತ್ಯಾಕ ತಡಾ? ಹಸದಾರ’ ಎಂದರು ಅತ್ತೆ.

ಹಿಂದಿನ ತಿಂಗಳೂ ಇದೇ ಮಾತು ನಂಬಿ ಗಂಜಿ ಬಿಟ್ಟಿದ್ದಳು. ಸಂಜೆಗೆ ಏದುಸಿರು, ರಾತ್ರಿ ಜ್ವರ, ಆಮೇಲೆ ಆಸ್ಪತ್ರೆ.

ಗಂಟಲಲ್ಲಿ ದಾರಿ ಎರಡಾಗುತ್ತದೆ: ಒಂದು ಹೊಟ್ಟೆಗೆ, ಇನ್ನೊಂದು ಶ್ವಾಸಕೋಶಕ್ಕೆ. ಪಾರ್ಶ್ವವಾಯು ಆದವರಲ್ಲಿ ಕೆಮ್ಮೂ ದುರ್ಬಲವಾಗಿರಬಹುದು. ನಳಿಕೆ ತಪ್ಪು ದಾರಿ ಹಿಡಿದರೂ ದೇಹ ಕೂಗಿ ಹೇಳದೆ ಇರಬಹುದು. ಗಾಳಿಯ ಸದ್ದಂತೂ ನಳಿಕೆ ಶ್ವಾಸಕೋಶದಲ್ಲಿದ್ದಾಗಲೂ ಹೊಟ್ಟೆಯ ಮೇಲೆ ಕೇಳಿಸಬಹುದು. ಬ್ರಿಟನ್ನಿನ ರೋಗಿ ಸುರಕ್ಷತಾ ಸಂಸ್ಥೆ 2005ರಲ್ಲೇ ಈ ಪರೀಕ್ಷೆಯನ್ನು ಬಳಸಬೇಡಿ ಎಂದಿತ್ತು. ಎಕ್ಸ್‌ರೇ ಖಚಿತ. ಆದರೆ ಪ್ರತಿ ಸಲ ಅವರನ್ನು ಎರಡು ಮಹಡಿ ಇಳಿಸುವವರು ಯಾರು?

ಇದೇ ತೊಡಕಿಗೆ ತೀವ್ರ ನಿಗಾ ಘಟಕಗಳಲ್ಲಿ ಹೃದಯವನ್ನೇ ಮೈಲಿಗಲ್ಲು ಮಾಡಿಕೊಳ್ಳುವ ಉಪಾಯವೊಂದಿದೆ. ಅನ್ನನಾಳ ಹೃದಯದ ಬೆನ್ನಿಗೇ, ಅದರ ಮೇಲಿನ ಎಡಕೋಣೆಗೆ ತಾಗಿದಂತೆ ಇಳಿಯುತ್ತದೆ. ಆಹಾರದ ನಳಿಕೆಗೆ ಸಣ್ಣ ವಿದ್ಯುದ್ವಾರಗಳನ್ನು ಕೂರಿಸಿದರೆ ಅವು ಒಳಗಿನಿಂದಲೇ ಇಸಿಜಿ ತೆಗೆಯುತ್ತವೆ. ಮೇಲಿನ ಕೋಣೆಗಳು ಹುಟ್ಟಿಸುವ ಪಿ ಅಲೆ, ನಳಿಕೆ ಹೃದಯದ ಹಿಂದೆ ಹಾಯುವಾಗ ಎತ್ತರವಾಗಿ ಕಾಣುತ್ತದೆ. ಹೊಟ್ಟೆಯ ಕಡೆ ಇಳಿದಂತೆ ಕುಗ್ಗಿ ಮರೆಯಾಗುತ್ತದೆ. ಪರದೆಯ ಗೆರೆ ನೋಡುತ್ತಲೇ ನಳಿಕೆ ಎಲ್ಲಿಗೆ ಬಂತೆಂದು ಅಂದಾಜು ಮಾಡಬಹುದು. ಉಸಿರಾಟದ ಸ್ನಾಯುವಾದ ವಪೆಯ ವಿದ್ಯುತ್ ಸಂಕೇತ ಹಿಡಿದು ವೆಂಟಿಲೇಟರ್ ನಡೆಸುವ ವಿಧಾನ 1999ರಲ್ಲಿ ಪ್ರಕಟವಾಯಿತು. ಅದಕ್ಕೆ ಬಳಸುವ ನಳಿಕೆಯನ್ನು ಕೂರಿಸುವುದು ಹೀಗೆಯೇ. ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗೆ ಅದರಲ್ಲೇ ಹಾಲೂ ಕೊಡುತ್ತಾರೆ. ಆದರೂ ಹಾಲು ಬಿಡುವ ಮೊದಲು ಆಸ್ಪತ್ರೆಯ ರೂಢಿಯ ಪರೀಕ್ಷೆ ತಪ್ಪುವುದಿಲ್ಲ.

ಆ ಪರದೆ ಅಂಬರನಾಥದ ಈ ಮಂಚದ ಹತ್ತಿರ ಇಲ್ಲ. ಇರುವುದು ಡಾಕ್ಟರು ಕೊಟ್ಟ ಪಿಎಚ್ ಕಾಗದದ ಡಬ್ಬಿ. ನಳಿಕೆಯಿಂದ ಎಳೆದ ದ್ರವ 5.5 ಅಥವಾ ಅದಕ್ಕಿಂತ ಕಡಿಮೆ ತೋರಿಸಿದರೆ ಹೊಟ್ಟೆಯ ಆಮ್ಲವೆಂದು ನಂಬಬಹುದು. ಆಮ್ಲ ತಗ್ಗಿಸುವ ಮಾತ್ರೆ ನುಂಗಿದವರಲ್ಲಿ ಅದೂ ಗೊಂದಲ ಮಾಡುತ್ತದೆ.

ಅವಳು ಸಿರಿಂಜು ಎಳೆದಳು. ಏನೂ ಬರಲಿಲ್ಲ. ‘ಅರ್ಧ ತಾಸು ತಡೀರಿ, ಅತ್ತಿ’ ಎಂದು ಮಾವನವರನ್ನು ಎಡಮಗ್ಗುಲಿಗೆ ಹೊರಳಿಸಿದಳು. ಮೂಗಿನ ಹತ್ತಿರದ ಗುರುತು ಸರಿದಿಲ್ಲವೆಂದು ನೋಡಿಕೊಂಡಳು. ಅತ್ತೆ ಮುಖ ತಿರುಗಿಸಿದರು. ಹಸಿದವರ ಮುಂದೆ ಗಂಜಿ ಇಟ್ಟುಕೊಂಡು ಕಾಯುವುದು ಯಾರ ಕಣ್ಣಿಗೂ ಆರೈಕೆಯಂತೆ ಕಾಣುವುದಿಲ್ಲ.

ಮತ್ತೆ ಎಳೆದಾಗ ಒಂದಿಷ್ಟು ಮಸುಕು ನೀರು ಬಂತು. ಕಾಗದ ಬಣ್ಣ ತಿರುಗಿತು. ಡಬ್ಬಿಯ ಮೇಲಿನ ನಾಲ್ಕರ ಬಣ್ಣಕ್ಕೆ ಹೊಂದಿತು. ಅವಳು ಅದನ್ನು ಅತ್ತೆಗೂ ತೋರಿಸಿದಳು.

ಗಂಜಿ ತಣ್ಣಗಾಗಿತ್ತು. ಅತ್ತೆಯೇ ಎದ್ದು ಬಿಸಿ ಮಾಡಲು ಒಯ್ದರು.