ನಿಧಾನದ ಚಾರ್ಜು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳನ್ನು ಇಂದಿಗೂ ಸಾಕಿಕೊಂಡಿರುವವರು ಅವುಗಳ ಸೈಲೆನ್ಸರಿನ ಸದ್ದನ್ನು ಬಾಯ್ತುಂಬ ಹೊಗಳುತ್ತಾರಾದರೂ, ಅವರ ಅಕ್ಕರೆಯ ದೊಡ್ಡ ಪಾಲು ಸಲ್ಲುವುದು ಪಕ್ಕದ ಪೆಟ್ಟಿಗೆಯಲ್ಲಿ ಅಡಗಿ ಕುಳಿತ ಬ್ಯಾಟರಿಗೆ. ಹಳೆಯ ಮಾದರಿಗಳ ಆ 6 ವೋಲ್ಟ್ ಬ್ಯಾಟರಿ ಡೌನ್ ಆದರೆ ಇಗ್ನಿಷನ್ ಕಾಯಿಲ್‌ಗೆ, ಅಂದರೆ ಅಲ್ಪ ವೋಲ್ಟೇಜನ್ನು ಪ್ಲಗ್ಗಿನಲ್ಲಿ ಕಿಡಿ ಹಾರುವಷ್ಟು ಹೆಚ್ಚಿಸುವ ತಂತಿಸುರುಳಿಗೆ, ವಿದ್ಯುತ್ ಸಾಲದೆ, ಎಷ್ಟು ಕಿಕ್ ಹೊಡೆದರೂ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಇಂಥ ಅನಿವಾರ್ಯದಿಂದ ಆರಂಭವಾದ ಆರೈಕೆ ಕ್ರಮೇಣ ಒಂದು ರುಚಿಯಾಗಿ ಬಲಿಯುತ್ತದೆ.

ಫ್ರಾನ್ಸಿನ ಗಾಸ್ತೋ ಪ್ಲಾಂತೆ 1859ರಲ್ಲಿ ರೂಪಿಸಿದ ಸೀಸ-ಆಮ್ಲದ ಬ್ಯಾಟರಿಯ ತತ್ವ ಇಂದಿಗೂ ಬದಲಾಗಿಲ್ಲ. ಪ್ರತಿ ಸೆಲ್‌ನಲ್ಲಿ, ಎಂದರೆ ಸುಮಾರು 2 ವೋಲ್ಟ್ ಕೊಡುವ ಒಂದೊಂದು ಕೋಣೆಯಲ್ಲಿ, ಸೀಸದ ಡೈಆಕ್ಸೈಡಿನ ಕಂದು ಫಲಕಗಳೂ ಸೀಸದ ಬೂದು ಫಲಕಗಳೂ ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ವಿದ್ಯುತ್ ಖರ್ಚಾದಂತೆ ಎರಡೂ ಬಗೆಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತ ಆಮ್ಲ ತೆಳುವಾಗುತ್ತದೆ, ಚಾರ್ಜ್ ಮಾಡಿದಾಗ ಸಲ್ಫೇಟ್ ಬಿಟ್ಟುಕೊಟ್ಟು ಆಮ್ಲ ಮತ್ತೆ ಗಟ್ಟಿಯಾಗುತ್ತದೆ. ಆದ್ದರಿಂದ ಬ್ಯಾಟರಿಯ ತ್ರಾಣವನ್ನು ದ್ರವದ ಸಾಂದ್ರತೆಯಲ್ಲೇ ಅಳೆಯಬಹುದು. ರಬ್ಬರ್ ಬುರುಡೆ ಅದುಮಿ ದ್ರವ ಹೀರಿಕೊಳ್ಳುವ ಗಾಜಿನ ನಳಿಗೆಯಾದ ಹೈಡ್ರೋಮೀಟರ್‌ನ ತೇಲುಗೋಲು 1.260ರಿಂದ 1.280ರ ನಡುವೆ ನಿಂತರೆ ಬ್ಯಾಟರಿ ತುಂಬಿದೆಯೆಂದು ಅರ್ಥ. ಎಲ್ಲ ಸೆಲ್‌ಗಳೂ ಸಮನಾಗಿ ಇಳಿದಿದ್ದರೆ ಚಿಂತಿಸಬೇಕಿಲ್ಲ, ಒಂದೇ ಒಂದು ಹಿಂದುಳಿದಿದ್ದರೆ ಹೊಸ ಬ್ಯಾಟರಿಗೆ ಹಣ ಕೂಡಿಡುವುದು ಲೇಸು. (ಕಾರಿನ ಬ್ಯಾಟರಿಗೆಂದು ಮಾಡಿದ ದೊಡ್ಡ ನಳಿಗೆ ಬೈಕಿನ ಪುಟ್ಟ ಸೆಲ್ಲಿನಿಂದ ಗೋಲು ತೇಲುವಷ್ಟು ದ್ರವವನ್ನೇ ಹೀರಲಾರದು.)

ಈ ಕಸುಬಿನ ತಿರುಳಿರುವುದು ನಿಧಾನದಲ್ಲಿ. ಬ್ಯಾಟರಿಯ ಸಾಮರ್ಥ್ಯವನ್ನು ಆಂಪಿಯರ್-ಅವರ್‌ನಲ್ಲಿ, ಅಂದರೆ ಎಷ್ಟು ಆಂಪಿಯರ್ ವಿದ್ಯುತ್ತನ್ನು ಎಷ್ಟು ಗಂಟೆ ಕೊಡಬಲ್ಲದೆಂಬ ಲೆಕ್ಕದಲ್ಲಿ ಹೇಳುತ್ತಾರೆ. ಅದರ ಹತ್ತನೆಯ ಒಂದು ಪಾಲಿನಲ್ಲಿ, ಎಂದರೆ 12 ಆಂಪಿಯರ್-ಅವರ್‌ನ ಬ್ಯಾಟರಿಯನ್ನು 1.2 ಆಂಪಿಯರ್‌ನಲ್ಲಿ, ರಾತ್ರಿಯಿಡೀ ಚಾರ್ಜ್‌ಗೆ ಇಡುವುದು ಬಲ್ಲವರ ಪದ್ಧತಿ. ಬ್ಯಾಟರಿ ಅಂಗಡಿಯಲ್ಲಿ ಅವಸರಪಡಿಸಿ ಹೆಚ್ಚು ಆಂಪಿಯರ್ ಕೊಡಿಸಿದರೆ ಫಲಕಗಳು ಬಿಸಿಯೇರಿ ಬಾಗುತ್ತವೆ, ಅವುಗಳ ಲೇಪ ಉದುರಿ ತಳ ಸೇರುತ್ತದೆ. ಚಾರ್ಜ್ ಮುಗಿಯುತ್ತ ಬಂದಂತೆ, ಸೆಲ್ಲಿನ ವೋಲ್ಟೇಜ್ 2.4ರ ಆಸುಪಾಸಿಗೆ ಏರಿದಾಗ, ನೀರು ಜಲಜನಕ ಮತ್ತು ಆಮ್ಲಜನಕವಾಗಿ ಒಡೆಯತೊಡಗಿ, ತೆರೆದ ಬಿರಡೆಗಳಿಂದ ಸಣ್ಣ ಉರಿಯ ಗಂಜಿಯಂತೆ ಗುಳುಗುಳು ಸದ್ದು ಕೇಳುತ್ತದೆ; ಕೆಲಸ ಸರಿಯಾಗಿ ಸಾಗಿದೆಯೆಂದು ಕಿವಿಗೇ ತಿಳಿಯುವ ಈ ಘಳಿಗೆಗಾಗಿಯೇ ಹಲವರು ಚಾರ್ಜರನ್ನು ಮನೆಗೆ ತಂದಿಟ್ಟುಕೊಳ್ಳುತ್ತಾರೆಂದರೆ ಅತಿಶಯೋಕ್ತಿಯಲ್ಲ. ಆ ಅನಿಲ ಸ್ಫೋಟಕವಾದುದರಿಂದ ಕಿಟಕಿ ತೆರೆದಿರಬೇಕು, ಬೀಡಿ-ಸಿಗರೇಟು ದೂರವಿರಬೇಕು, ಸ್ವಿಚ್ ಆರಿಸಿದ ಮೇಲೆಯೇ ಕ್ಲಿಪ್ ತೆಗೆಯಬೇಕು.

ಒಡೆದುಹೋದ ನೀರಿನ ಜಾಗಕ್ಕೆ ಡಿಸ್ಟಿಲ್ಡ್ ವಾಟರ್ ಮಾತ್ರ ಸಲ್ಲುತ್ತದೆ, ನಲ್ಲಿನೀರಿನ ಲವಣಗಳು ಫಲಕಗಳನ್ನು ಕೆಡಿಸುತ್ತವೆ. ಚಾರ್ಜ್‌ಗೆ ಮುಂಚೆ ಫಲಕ ಮುಳುಗುವಷ್ಟನ್ನೇ ಹಾಕಿ, ಚಾರ್ಜ್ ತುಂಬಿದ ಮೇಲೆ ಮೇಲಿನ ಗೆರೆಗೆ ಮುಟ್ಟಿಸುವುದು ಸರಿಯಾದ ಕ್ರಮ. ಏಕೆಂದರೆ ಚಾರ್ಜ್ ಆಗುವಾಗ ದ್ರವ ಉಬ್ಬಿ ಹೊರಚೆಲ್ಲಬಹುದು. ಟರ್ಮಿನಲ್ ಮೇಲೆ ಕಟ್ಟುವ ಬಿಳಿ-ಹಸಿರು ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆದು, ಒರೆಸಿ, ಪೆಟ್ರೋಲಿಯಂ ಜೆಲ್ಲಿ ಸವರುತ್ತಾರೆ. ಆದರೆ ಸೋಡಾ ಒಳಗಿಳಿದು ಆಮ್ಲವನ್ನೇ ಕೊಲ್ಲದಂತೆ ಬಿರಡೆಗಳು ಬಿಗಿಯಾಗಿರಬೇಕು.

ಈಗಿನ ಬೈಕುಗಳ ಮುಚ್ಚಿದ ಬ್ಯಾಟರಿ ಈ ಸುಖವನ್ನು ಬಹುಮಟ್ಟಿಗೆ ಕಸಿದುಕೊಂಡಿದೆ. ಬಿರಡೆಯಿಲ್ಲ, ಗುಳ್ಳೆಯಿಲ್ಲ, ಉಳಿದದ್ದು ಮಲ್ಟಿಮೀಟರಿನ ಅಂಕಿ ಮಾತ್ರ: ಕೆಲವು ಗಂಟೆ ಸುಮ್ಮನಿದ್ದ 12 ವೋಲ್ಟ್ ಬ್ಯಾಟರಿ 12.6ಕ್ಕಿಂತ ಮೇಲಿದ್ದರೆ ನಿಶ್ಚಿಂತೆ, 12.4ಕ್ಕಿಂತ ಕೆಳಗಿಳಿದರೆ ಚಾರ್ಜ್‌ಗೆ ಹಾಕಬೇಕು. ಆದರೂ ಹೊರೆಯೇನೂ ಇಳಿದಿಲ್ಲ. 2017ರ ಏಪ್ರಿಲ್‌ನಿಂದ ಭಾರತದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ಹೆಡ್‌ಲೈಟ್ ಉರಿಯುತ್ತದೆ, ಎಂಜಿನ್ನಿಗೆ ಪೆಟ್ರೋಲ್ ಒದಗಿಸುವ ಪಂಪಿಗೂ ವಿದ್ಯುತ್ ಬೇಕು, ಅನೇಕ ಬೈಕುಗಳಲ್ಲಿ ಕಿಕ್ಕರೇ ಇಲ್ಲ. ಮಳೆಗಾಲವಿಡೀ ಬೈಕನ್ನು ಕೊಟ್ಟಿಗೆಯಲ್ಲಿ ಹೊದಿಸಿಡುವ ಮಲೆನಾಡಿನವರು ಚಾಸಿಗೆ ಜೋಡಿಸಿದ ವೈರನ್ನು ಕಳಚಿ, ತಿಂಗಳಿಗೊಮ್ಮೆ ಚಾರ್ಜ್‌ಗೆ ಇಡುವುದು ಎರಡೂ ಬಗೆಯ ಬ್ಯಾಟರಿಗೆ ಅಗತ್ಯ. ಮುಟ್ಟದೆ ಬಿಟ್ಟ ಬ್ಯಾಟರಿ ತಾನಾಗಿಯೇ ಬರಿದಾಗುತ್ತದೆ, ಆಗ ಗಟ್ಟಿ ಹರಳಾದ ಸಲ್ಫೇಟ್ ಸಾಮಾನ್ಯ ಚಾರ್ಜರಿಗೆ ಮಣಿಯುವುದಿಲ್ಲ.