ಬಾಹ್ಯಾಕಾಶದ ಸಾಮಂತರು ಮತ್ತು ಮಸ್ಕಿಯ ಬಂಡೆ

ದಸರಾ ರಜೆಯಲ್ಲಿ ನನ್ನ ಮಗ ಚಕ್ರವರ್ತಿಯಾದ. ಸಿಂಧನೂರಿನ ನಮ್ಮ ಮನೆಯ ಊಟದ ಮೇಜೇ ಸಿಂಹಾಸನ, ಲ್ಯಾಪ್‌ಟಾಪಿನೊಳಗೆ ನೂರಾರು ನಕ್ಷತ್ರಗಳು. ಆಟದ ಹೆಸರು ಸ್ಟೆಲ್ಲಾರಿಸ್. ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿ 2016ರಲ್ಲಿ ಹೊರತಂದದ್ದು.

"ಎಷ್ಟೊತ್ತು ಗುಂಡು ಹಾರಿಸ್ತೀಯೋ?" ಎಂದು ಗದರಿದೆ.

"ಬರೇ ಗುಂಡು ಹಾರಿಸೋದಲ್ಲವ್ವ, ರಾಜ್ಯ ನಡಸೋದು. ಕುಂದ್ರು, ತೋರಿಸ್ತೀನಿ" ಎಂದ.

ಕುಳಿತೆ. ಅವನು ತನಗೆ ತಾನೇ ಒಂದು ನಿಯಮ ಹಾಕಿಕೊಂಡಿದ್ದ. ಗೆಲ್ಲಲು ಸುಲಭವಾದದ್ದನ್ನು ಮಾಡುವಂತಿಲ್ಲ. ತನ್ನ ಚಕ್ರವರ್ತಿ ಏನು ಮಾಡುತ್ತಾನೋ ಅದನ್ನೇ ಮಾಡಬೇಕು. ಆ ಚಕ್ರವರ್ತಿ ಹಳೆಯ ಕಾಲದವನು, ಕೈಕೆಳಗೆ ಸಾಮಂತರಿದ್ದಾರೆ. ಆದರೆ ಅನ್ಯಗ್ರಹದವರೆಂದರೆ ಅವನಿಗೆ ಬಲು ಪ್ರೀತಿ. ಸಾಮಂತ ರಾಜ್ಯಗಳಿಗೆ ಮಗ ಇಟ್ಟ ಹೆಸರು ನೋಡಿ ನಕ್ಕುಬಿಟ್ಟೆ: ಮುದಗಲ್ಲು, ಜಲದುರ್ಗ, ಗುರುಗುಂಟಾ. ಎಲ್ಲವೂ ಲಿಂಗಸುಗೂರಿನ ಅಜ್ಜಿ ಮನೆಯ ಸುತ್ತಲಿನವೇ.

ಗುರುಗುಂಟಾ ನಿಜವಾಗಿಯೂ ನಿಜಾಮರ ಅಧೀನದ ಸಂಸ್ಥಾನವಾಗಿತ್ತು, 1949ರಲ್ಲಿ ಹೈದರಾಬಾದ್ ಸೀಮೆಯ ಜಹಗೀರುಗಳೇ ರದ್ದಾದವು ಎಂದು ಹೇಳಿದೆ. ಅವನ ಕಣ್ಣರಳಿತು. ಆಟದಲ್ಲೂ ಹಾಗೆಯೇ. ಸಾಮಂತ ಕಪ್ಪ ಕೊಡುತ್ತಾನೆ, ದೊರೆ ರಕ್ಷಣೆ ಕೊಡುತ್ತಾನೆ. ಹೆಚ್ಚು ಹಿಂಡಿದರೆ ನಿಷ್ಠೆ ಇಳಿದು ತಿರುಗಿಬೀಳುತ್ತಾನೆ. ವಿಜಯನಗರಕ್ಕೂ ಬಹಮನಿಗಳಿಗೂ ನಡುವೆ ಮುದಗಲ್ಲಿನ ಕೋಟೆ ಕೈಯಿಂದ ಕೈಗೆ ಹೋದ ನಮ್ಮ ದೋಆಬಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕೆ?

ಮೂರನೆಯ ದಿನ ಎಲ್ಲೋ ದೂರದ ಯುದ್ಧದಿಂದ ನಿರಾಶ್ರಿತರು ಬಂದರು. ಅಣಬೆಯಂಥ ಜೀವಿಗಳು. ಬಾಗಿಲು ತೆರೆದೇ ಇತ್ತು. ಆದರೆ ಅವರ ಹಕ್ಕಿನ ಪಟ್ಟಿಯಲ್ಲಿ ಮಗ 'ನಿವಾಸಿ' ಎಂದಷ್ಟೇ ಆರಿಸಿದ. ಅಂದರೆ ಇರಬಹುದು, ದುಡಿಯಬಹುದು, ನಾಯಕರಾಗುವಂತಿಲ್ಲ.

"ಪೂರ್ಣ ಪ್ರಜೆ ಅಂತ ಯಾಕ ಮಾಡಲಿಲ್ಲ?"

"ಇರಾಕ ಜಾಗ ಕೊಟ್ಟೀನಲ್ಲ, ಸಾಕು."

ಆ ಮಾತು ಎದೆಗೆ ನಾಟಿತು. ನನ್ನ ಬೆಂಚಿನ ಗೆಳತಿ ನೆನಪಾದಳು. ಸಿಂಧನೂರಿನ ಬಳಿಯ ಆರ್.ಎಚ್. ಕ್ಯಾಂಪಿನವಳು. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ನೆಲೆ ಕೊಟ್ಟ ಜಾಗ ಅದು. ಅವರು ಇಲ್ಲಿ ಭತ್ತ ಬೆಳೆದರು, ನಮ್ಮ ಮಾತು ಕಲಿತರು. ಗೆಳತಿ ನನಗಿಂತ ಚೆನ್ನಾಗಿ ಕನ್ನಡ ಬರೆಯುತ್ತಿದ್ದಳು. ಆದರೂ ಒಮ್ಮೆ ಒಂದು ಕಚೇರಿಯಲ್ಲಿ ಪೌರತ್ವದ ಕಾಗದವಿಲ್ಲವೆಂದು ಅವಳ ಅರ್ಜಿ ವಾಪಸಾಯಿತು. ಅವರಲ್ಲಿ ಹಲವರು ಆ ಕಾಗದಕ್ಕಾಗಿ ದಶಕಗಳೇ ಕಾದಿದ್ದಾರೆ. ಆ ದಿನ ಬಸ್ಸಿನಲ್ಲಿ ಅವಳು ಅಳಲಿಲ್ಲ, ಕಿಟಕಿಯಾಚೆ ನೋಡುತ್ತ ಕುಳಿತಿದ್ದಳು. ನಾನೂ ಏನೂ ಹೇಳಲಿಲ್ಲ. ಹೇಳಬೇಕಿತ್ತು.

ಇದನ್ನೆಲ್ಲ ಮಗನಿಗೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡ.

ಭಾನುವಾರ ಲಿಂಗಸುಗೂರಿಗೆ ಹೊರಟಾಗ ನಡುವೆ ಮಸ್ಕಿಯಲ್ಲಿ ಇಳಿದು ಅಶೋಕನ ಶಾಸನ ತೋರಿಸಿದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡುಹಿಡಿದದ್ದು. 'ದೇವಾನಾಂಪಿಯ' ಎಂಬ ದೊರೆ ಅಶೋಕನೇ ಎಂದು ಖಚಿತವಾದದ್ದು ಈ ಬಂಡೆಯ ಮೇಲಿನ ಹೆಸರಿನಿಂದ. ಅದಕ್ಕಿಂತ ನನಗೆ ಇಷ್ಟವಾದದ್ದು ಅದರ ಸಾರ: ಒಳಿತಿನ ದಾರಿ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಇದೆ, ಇಬ್ಬರಿಗೂ ಇದನ್ನು ತಿಳಿಸಿ ಎಂದು ದೊರೆ ಬರೆಸಿದ.

"ಇಷ್ಟು ದೊಡ್ಡ ಚಕ್ರವರ್ತಿ ಸಣ್ಣವರ ಬಗ್ಗೆ ಕಲ್ಲಿನ ಮ್ಯಾಲೆ ಬರೆಸಿದನಾ?" ಎಂದು ಮಗ ಎರಡು ಸಲ ಕೇಳಿದ.

ಅಂದು ರಾತ್ರಿ ಆಟ ತೆರೆದು ಒಂದು ಗುಂಡಿ ಒತ್ತಿದ. ಅಣಬೆಗಳು ಪೂರ್ಣ ಪ್ರಜೆಗಳಾದವು. ಕೆಲ ದಿನಗಳಲ್ಲಿ ಅವುಗಳಲ್ಲೊಂದು 'ಮಸ್ಕಿ' ಎಂಬ ಗ್ರಹಕ್ಕೆ ರಾಜ್ಯಪಾಲನೂ ಆಯಿತು! ಆಟದಲ್ಲಿ ಎಷ್ಟು ಸುಲಭ, ಒಂದು ಗುಂಡಿ.

ರಜೆ ಮುಗಿಯುವ ಮೊದಲು ಕ್ಯಾಂಪಿನಲ್ಲಿ ದುರ್ಗಾಪೂಜೆ. ಪ್ರತಿ ವರ್ಷ ಗೆಳತಿ ಕರೆಯುತ್ತಾಳೆ, ಪ್ರತಿ ವರ್ಷ ನಾನೊಬ್ಬಳೇ ಹೋಗುತ್ತೇನೆ. ಈ ಸಲ ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ದನಿ ಕೇಳಿತು.

"ತಡಿಯವ್ವ, ನಾನೂ ಬರ್ತೀನಿ."

ಲ್ಯಾಪ್‌ಟಾಪ್ ಮುಚ್ಚಿಟ್ಟು ಚಕ್ರವರ್ತಿಗಳು ಹೊರಟೇಬಿಟ್ಟರು.