ಒಂದು ವರ್ಷದ ಗ್ಯಾಪು

ಪಡುಬಿದ್ರಿಯಲ್ಲಿ ಗ್ಯಾಪ್ ಎಂಬುದು ಎಲ್ಲಿ ಬೇಕಾದರೂ ಇರಬಹುದು. ಉಡುಪಿಗೆ ಹೋಗುವ ಎರಡು ಬಸ್ಸುಗಳ ನಡುವೆ ಇರಬಹುದು. ಆ ಎರಡು ನಿಮಿಷಕ್ಕಾಗಿ ಕಂಡಕ್ಟರುಗಳು ಜಂಕ್ಷನ್ನಿನಲ್ಲೇ ಕೊರಳಪಟ್ಟಿ ಹಿಡಿಯುವುದುಂಟು. ಹೆದ್ದಾರಿಯ ಡಿವೈಡರಿನಲ್ಲಿ ಇರಬಹುದು. ನನ್ನ ಹಾಗೆ ಅರುವತ್ತು ದಾಟಿದವರ ಹಲ್ಲಿನ ಸಾಲಿನಲ್ಲಂತೂ ಇದ್ದೇ ಇರುತ್ತದೆ. ಓದಿನಲ್ಲಿ ಮಾತ್ರ ಇರಕೂಡದು. ಪಿಯುಸಿಗೂ ಡಿಗ್ರಿಗೂ ನಡುವೆ ಒಂದು ವರ್ಷ ಖಾಲಿ ಬಿದ್ದರೆ, ಕೆಲಸದ ಇಂಟರ್‌ವ್ಯೂ ಹಾಗಿರಲಿ, ಮದುವೆ ಮಾತುಕತೆಯಲ್ಲೂ ಅದು ಎದ್ದು ಕೂರುತ್ತದೆ: "ಆ ವರ್ಷ ಹುಡುಗ ಎಂತ ಮಾಡಿದ್ದಂತೆ?"

ನಮ್ಮ ಕಾಲದಲ್ಲಿ ಇದಕ್ಕೆ ಸಿದ್ಧ ಉತ್ತರ ಇತ್ತು: ಬೊಂಬಾಯಿ. ನನ್ನ ಅಣ್ಣ ಎಸ್ಸೆಸ್ಸೆಲ್ಸಿಯ ಗಣಿತದಲ್ಲಿ ಡುಮ್ಕಿ ಹೊಡೆದ ವಾರದಲ್ಲೇ ಸೋದರಮಾವ ಅವನನ್ನು ಫೋರ್ಟಿನ ಹೋಟೆಲೊಂದಕ್ಕೆ ಸೇರಿಸಿಬಿಟ್ಟರು. ಹಗಲು ಗ್ಲಾಸು ತೊಳೆದು, ರಾತ್ರಿ ಕನ್ನಡ ಶಾಲೆಯ ಬೆಂಚಿನಲ್ಲಿ ತೂಕಡಿಸಿ ಅವನು ಪಾಸಾದ. 1902ರಲ್ಲೇ ಸಂಘ ಕಟ್ಟಿಕೊಂಡ ಮುಂಬಯಿಯ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥವರು ರಾತ್ರಿಶಾಲೆ ನಡೆಸದೆ ಹೋಗಿದ್ದರೆ ನಮ್ಮ ಕರಾವಳಿಯ ಅರ್ಧ ಗುಮಾಸ್ತರು ಗುಮಾಸ್ತರಾಗುತ್ತಿರಲಿಲ್ಲ. ಅದನ್ನು ಯಾರೂ ಗ್ಯಾಪ್ ಇಯರ್ ಎನ್ನಲಿಲ್ಲ. ಹೊಟ್ಟೆಪಾಡು ಎಂದರು.

ಹಾಗಾಗಿ, ಉಡುಪಿ ಕಡೆಯ ಮಕ್ಕಳ ಹಾಸ್ಟೆಲೊಂದಕ್ಕೆ ಜರ್ಮನಿಯಿಂದ ಹತ್ತೊಂಬತ್ತರ ಹುಡುಗಿ ಗ್ಯಾಪ್ ಇಯರಿಗೆ ಬಂದಿದ್ದಾಳೆ ಎಂದು ಗೆಳೆಯ ಪೊರ್ಬುಗಳು ಹೇಳಿದಾಗ ನನ್ನ ಬಾಯಿಂದ ಬಂದದ್ದು "ಯಾವ ಸಬ್ಜೆಕ್ಟಿನಲ್ಲಿ ಫೇಲಂತೆ?" ಎಂಬ ಮಾತು. ಫೇಲಾಗಿರಲಿಲ್ಲ, ಒಳ್ಳೆಯ ಅಂಕ ತೆಗೆದೇ ಬಂದಿದ್ದಳು. ಅವರಲ್ಲಿ ಇದಕ್ಕೆ ಸರಕಾರವೇ ಹಣ ಕೊಡುತ್ತದೆ. 2008ರಿಂದ 'ವೆಲ್ಟ್‌ವೆರ್ಟ್ಸ್' ಎಂಬ ಯೋಜನೆ ಇದೆ. ಹದಿನೆಂಟು ತುಂಬಿದವರು ಪರದೇಶದ ಶಾಲೆಯಲ್ಲೋ ಆಸ್ಪತ್ರೆಯಲ್ಲೋ ದುಡಿದು ಬರಬಹುದು. 2011ರವರೆಗೆ ಅಲ್ಲಿ ಗಂಡುಹುಡುಗರಿಗೆ ಸೈನ್ಯಸೇವೆ ಕಡ್ಡಾಯ ಇತ್ತು. ಬಂದೂಕು ಒಲ್ಲೆ ಎಂದವರು ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ದುಡಿದು ಆ ಋಣ ತೀರಿಸಬೇಕಿತ್ತು. ಅಂತೂ ಬದುಕಿನ ಒಂದು ವರ್ಷವನ್ನು ಪಕ್ಕಕ್ಕೆ ಎತ್ತಿಡುವುದು ಅವರಿಗೆ ಹೊಸತಲ್ಲ.

ಈಕೆಯ ಅಜ್ಜ ಹಳ್ಳಿಯೊಂದರ ಪಾದ್ರಿಯಾಗಿದ್ದವರು. ಆದ್ದರಿಂದ ರಜೆಯ ದಿನ ಬೀಚು ಬೇಡ, ಮಾಲ್ ಬೇಡ, ಹಳ್ಳಿಯ ಇಗರ್ಜಿಗಳನ್ನು ನೋಡಬೇಕು ಎಂದಳಂತೆ. ಕನ್ನಡ ಕಲಿಸಿ ನಿವೃತ್ತನಾಗಿ, ಕೈಯಲ್ಲಿ ಸ್ಕೂಟರೂ ಬೇಕಾದಷ್ಟು ಹೊತ್ತೂ ಇರುವ ಊರಿನ ಏಕೈಕ ಪ್ರಾಣಿ ನಾನು. ಕೆಲಸ ನನಗೆ ಬಿತ್ತು.

ಹಾಗೆ ನೋಡಿದರೆ ಈ ಕೆಲಸ ನನಗೆ ಬೀಳಲು ಹಳೆಯ ಲೆಕ್ಕವೂ ಒಂದಿದೆ. ನಾನು ಹುಟ್ಟಿದ್ದು ಉಡುಪಿಯ ಮಿಶನ್ ಆಸ್ಪತ್ರೆಯಲ್ಲಿ. ಇವಾ ಲೊಂಬಾರ್ಡ್ ಎಂಬ ಸ್ವಿಸ್ ವೈದ್ಯೆ 1923ರಲ್ಲಿ ಹೆಂಗಸರು ಮಕ್ಕಳಿಗೆಂದು ತೆರೆದ ಆಸ್ಪತ್ರೆ ಅದು. ಈಗ ಬೋರ್ಡಿನ ಮೇಲೆ ಅವರ ಹೆಸರೇ ಇದ್ದರೂ ಊರವರಿಗೆ ಇನ್ನೂ ಮಿಶನ್ ಆಸ್ಪತ್ರೆಯೇ. ಮೊದಲ ಎರಡು ಕೂಸು ಮನೆಯಲ್ಲೇ ಹೋದ ಮೇಲೆ ಮೂರನೆಯದಕ್ಕೆ ಅಜ್ಜಿ ಹಟ ಹಿಡಿದು ಅಮ್ಮನನ್ನು ಸಿಪಿಸಿ ಕಂಪೆನಿಯ ಬಸ್ಸು ಹತ್ತಿಸಿದರು. ಅಣ್ಣ ಬದುಕಿದ. ಆಮೇಲೆ ನಾನೂ ಬದುಕಿದೆ. ದೇವರ ಕೋಣೆಯಲ್ಲಿ ದೀಪ ಹಚ್ಚುವಾಗ ಅಜ್ಜಿ "ಆ ದಾಕ್ತೆರ್ ಅಮ್ಮ ಎಲ್ಲಿದ್ದರೂ ತಣ್ಣಗಿರಲಿ" ಎನ್ನುತ್ತಿದ್ದರು. ಯಾವ ದೇವರಿಗೆ ಹೇಳುತ್ತಿದ್ದರೋ, ನಾನು ಕೇಳಲಿಲ್ಲ.

ಹುಡುಗಿ ಮೊದಲ ಸಲ ನಮ್ಮ ಮನೆಗೆ ಬಂದದ್ದು ಮೊಂತಿ ಹಬ್ಬದ ದಿನ, ಸಪ್ಟೆಂಬರ್ 8ಕ್ಕೆ. ನೆರೆಮನೆಯ ಬಾಯಮ್ಮನಲ್ಲಿ ಊಟ. ಬೆಳಿಗ್ಗೆ ಇಗರ್ಜಿಯಲ್ಲಿ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮರಿಯಮ್ಮನಿಗೆ ಎರಚಿ, ಕಬ್ಬು ಕಚ್ಚುತ್ತ ಹೊರಬಂದಿದ್ದರು. ಪಾದ್ರಿಗಳು ಹರಸಿ ಕೊಟ್ಟ ಭತ್ತದ ತೆನೆಯಿಂದ ಬಾಯಮ್ಮ ಕಾಳುಗಳನ್ನು ಒಂದೊಂದಾಗಿ ಉಗುರಿನಲ್ಲಿ ಸುಲಿದು, ಅರೆದು, ತೆಂಗಿನಕಾಯಿ ಹಾಲಿಗೆ ಹಾಕಿದರು. ಮನೆಯ ಹಿರಿಯ ಪ್ರಾರ್ಥನೆ ಹೇಳಿ ಎಲ್ಲರಿಗೂ ಒಂದೊಂದು ಗುಟುಕು ಕೊಟ್ಟ ಮೇಲೆಯೇ ಬಾಳೆಲೆ. ಮೀನಿಲ್ಲದೆ ಅನ್ನ ಇಳಿಯದ ಆ ಮನೆಯಲ್ಲಿ ಅಂದು ಪೂರಾ ಸಸ್ಯಾಹಾರ. ಪದಾರ್ಥಗಳ ಸಂಖ್ಯೆ ಬೆಸವೇ ಆಗಬೇಕು. ಕೆಸುವಿನ ದಂಟು, ಬೆಂಡೆ, ಹೀರೆ, ಅಲಸಂಡೆ ಎಂದು ಎಣಿಸುತ್ತ ಹೋಗಿ ಕೊನೆಗೆ ಲೆಕ್ಕ ಸಮ ಬಂದುಬಿಟ್ಟರೆ ಉಪ್ಪಿನಕಾಯಿಯನ್ನೂ ಒಂದು ಎಂದು ಹಿಡಿಯುತ್ತಾರೆ. ಹಿಂದೆ ಬೊಂಬಾಯಿಗೂ ಕುವೈತಿಗೂ ಹೋದ ಮಕ್ಕಳಿಗೆ ಇದೇ ಹೊಸ ಕಾಳನ್ನು ಕಾಗದದ ಒಳಗಿಟ್ಟು ಅಂಚೆಯಲ್ಲಿ ಕಳಿಸುತ್ತಿದ್ದರು. "ಈಗ ವಾಟ್ಸಾಪಿನಲ್ಲಿ ಫೋಟೋ ಕಳಿಸಿ ಅಂತಾರೆ ಮಾಷ್ಟ್ರೆ, ಫೋಟೋ ತಿಂತಾರಾ?" ಎಂದರು ಬಾಯಮ್ಮ.

ಊಟ ಮುಗಿಸಿ ಬಂದವಳಿಗೆ ಹೊಸ ತೆನೆಯನ್ನು ನಾವೂ ಕದಿರು ಎಂದು ಮನೆಯ ಬಾಗಿಲಿಗೆ ಕಟ್ಟುವ ಸುದ್ದಿ ಹೇಳಿದೆ. ಕೇಳಿದವಳು, "ಹಾಗಾದರೆ ಇದು ಚರ್ಚಿನ ಹಬ್ಬವೋ ಗದ್ದೆಯ ಹಬ್ಬವೋ?" ಎಂದಳು. ಗದ್ದೆಯದ್ದು ಎಂದೆ. ಆದರೆ ಗದ್ದೆ ಈಗ ಎಲ್ಲಿದೆ? ಇಗರ್ಜಿಗೂ ದೇವಸ್ಥಾನಕ್ಕೂ ತೆನೆ ಬೇಕೆಂದರೆ ಭತ್ತ ಬೆಳೆಯುವ ಮನೆಯನ್ನು ಹುಡುಕಿಕೊಂಡು ಹೋಗಿ ಮೊದಲೇ ಹೇಳಿಡಬೇಕು.

ಹಿತ್ತಲ ಬಾವಿಕಟ್ಟೆಯ ಪಕ್ಕ, ಮನೆಗೆ ತಾರಸಿ ಹಾಕಿಸಿದಾಗ ಇಳಿಸಿದ ಹಳೆಯ ಹಂಚುಗಳನ್ನು ಪೇರಿಸಿಟ್ಟಿದ್ದೇನೆ. ಅವಳು ಒಂದನ್ನು ಮಗುಚಿ ಹಾವಸೆ ಒರೆಸಿದಳು. ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865, ಮಂಗಳೂರು. ಅದು ಹಂಚಿನ ವಯಸ್ಸಲ್ಲ, ಪ್ಲೆಬ್‌ಸ್ಟ್ ಎಂಬ ಮಿಶನರಿ ಜೆಪ್ಪುವಿನಲ್ಲಿ ಕಾರ್ಖಾನೆ ಶುರುಮಾಡಿದ ವರ್ಷ ಎಂದು ವಿವರಿಸಿದೆ. ಮೊದಲ ಮಹಾಯುದ್ಧ ಬಂದಾಗ ಜರ್ಮನರು ಶತ್ರುಗಳಾದರು. ಮಿಶನ್ನಿನ ಜರ್ಮನ್ ಪಾದ್ರಿಗಳನ್ನು ಬ್ರಿಟಿಷರು ಕೂಡಿಹಾಕಿ ಊರಿಗೆ ಅಟ್ಟಿದರು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಇದಾವುದೂ ಅವಳ ಶಾಲೆಯ ಪಾಠದಲ್ಲಿ ಇರಲಿಲ್ಲ. ಹರ್ಮನ್ ಹೆಸ್ಸೆಯ ಕಾದಂಬರಿ ಮಾತ್ರ ಇತ್ತಂತೆ. ಆ ಹೆಸ್ಸೆಯ ಅಪ್ಪ ಯೊಹಾನೆಸ್ ಮಂಗಳೂರಿಗೆ ಮಿಶನರಿಯಾಗಿ ಬಂದು, ಮೈಗೆ ಹಿಡಿಸದೆ 1873ರಲ್ಲಿ ಮರಳಿದವರು, ತಾಯಿ ಮರಿ ಗುಂಡರ್ಟ್ ಹುಟ್ಟಿದ್ದೇ ತಲಶ್ಶೇರಿಯಲ್ಲಿ ಎಂದಾಗ ಅವಳು ಅಲ್ಲೇ ಫೋನು ತೆಗೆದು ತನ್ನ ಮೇಷ್ಟರಿಗೆ ಮೆಸೇಜು ಹಾಕಿದಳು. ಕನ್ನಡ ಮಾಷ್ಟ್ರಿಗೆ ಇದಕ್ಕಿಂತ ದೊಡ್ಡ ಜಯ ಏನಿದೆ!

ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಬಾಸೆಲಿನ ಮಿಶನ್ ಅವರನ್ನು ಕಳಿಸಿತ್ತು. 1836ರಲ್ಲಿ ಬಂದ ಮೋಗ್ಲಿಂಗ್‌ಗೆ ಇಪ್ಪತ್ತೈದು. 1853ರಲ್ಲಿ ಕಿಟ್ಟೆಲ್ ಬಂದಾಗ ಇಪ್ಪತ್ತೊಂದು. ನಮ್ಮ ಹುಡುಗಿಗಿಂತ ಎರಡೇ ವರ್ಷ ದೊಡ್ಡವರು. ಅವರು ರಿಟರ್ನ್ ಟಿಕೆಟ್ ತೆಗೆದು ಬಂದವರಲ್ಲ. ತಿಂಗಳುಗಟ್ಟಲೆ ಹಡಗು, ಬಂದರೆ ಜ್ವರ, ಮದುವೆಯಾಗಲೂ ಬಾಸೆಲಿನ ಕಮಿಟಿಯ ಒಪ್ಪಿಗೆ ಬೇಕು. ಬಂದ ಉದ್ದೇಶವೋ, ನಮ್ಮನ್ನು ನಮ್ಮ ದೇವರುಗಳಿಂದ ಬಿಡಿಸುವುದು. ಅದನ್ನು ಮರೆತು ಅವರನ್ನು ಹೊಗಳುವುದು ನನಗೆ ಸರಿ ಕಾಣುವುದಿಲ್ಲ. ಅದನ್ನೊಂದೇ ನೆನಪಿಟ್ಟು ಬೈಯುವುದೂ ಸರಿಯಲ್ಲ. ಭೂತಾರಾಧನೆಯನ್ನು ಸೈತಾನನ ಕೆಲಸ ಎಂದ ಮಿಶನ್ನಿನವರೇ ಆದ ಮೆನ್ನರ್ 1886ರಲ್ಲಿ ಆ ಭೂತಗಳ ಕಥೆ ಹಾಡುವ ಪಾಡ್ದನಗಳನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಅದೇ ವರ್ಷ ತುಳು ನಿಘಂಟನ್ನೂ ಹೊರತಂದರು. ಅದಕ್ಕಿಂತ ಬಹಳ ಹಿಂದೆ, 1847ರಲ್ಲೇ, ಗ್ರೈನರ್ ಮತ್ತು ಅಮ್ಮನ್ ಬೈಬಲಿನ ಹೊಸ ಒಡಂಬಡಿಕೆಯನ್ನು ತುಳುವಿಗೆ ತಂದು ಕಲ್ಲಚ್ಚಿನಲ್ಲಿ ಒತ್ತಿಸಿದ್ದರು. ಕ್ರೈಸ್ತರಾದವರು ಕೆಲವು ಸಾವಿರ. ಕಿಟ್ಟೆಲರ 1894ರ ನಿಘಂಟಿನಲ್ಲಿ ಸುಮಾರು 70,000 ಪದ. ಯಾವುದು ಹೆಚ್ಚು ಬಾಳಿತು ಎಂಬುದನ್ನು ಪದವೊಂದಕ್ಕೆ ಅರ್ಥ ಸಿಗದೆ ಒದ್ದಾಡಿದ ಯಾವ ಕನ್ನಡ ಮೇಷ್ಟರೂ ಹೇಳಬಲ್ಲ.

ಇಗರ್ಜಿ ಸುತ್ತುವುದಕ್ಕೆ ಹೊರಟೆವಲ್ಲ, ಅತ್ತೂರಿನಲ್ಲಿ ನಿಲ್ಲಲೇಬೇಕು. ಪಡುಬಿದ್ರಿಯಿಂದ ಬೆಳ್ಮಣ್, ನಿಟ್ಟೆ ದಾಟಿ ಕಾರ್ಕಳದ ಕಡೆಗೆ ದಾರಿ. ಜನವರಿ ಕೊನೆಯ ಸಾಂತ್‌ಮಾರಿ ಜಾತ್ರೆಗೆ ಹೋದೆವು. 1759ರ ಮೂಲದ ಇಗರ್ಜಿ; ಟಿಪ್ಪುವಿನ ಕಾಲದಲ್ಲಿ, 1784ರಲ್ಲಿ, ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದಾಗ ಅದೂ ನೆಲಸಮವಾಯಿತು. ಮರಳಿದವರು ಸಂತ ಲಾರೆನ್ಸರ ಮರದ ಮೂರ್ತಿಯನ್ನು ಹೊತ್ತು ಜಾಗ ಹುಡುಕುತ್ತ ನಡೆದು, ನೀರಿನ ಒರತೆಯ ಬಳಿ ಇಳಿಸಿದರಂತೆ, ಮತ್ತೆ ಎತ್ತಲು ಹೋದರೆ ಏಳಲಿಲ್ಲವಂತೆ. ಕೇಳುತ್ತಿದ್ದಂತೆ ನನಗೆ ನಗು ಬಂತು. ನಮ್ಮ ಜಿಲ್ಲೆಯ ಅರ್ಧ ದೇವಸ್ಥಾನಗಳ ಕಥೆಯೂ ಇದೇ. ದೇವರು ಯಾರೇ ಇರಲಿ, ತುಳುನಾಡಿಗೆ ಬಂದ ಮೇಲೆ ಕೂತಲ್ಲಿಂದ ಏಳುವುದಿಲ್ಲ.

ಸಾಲು ಹೊರಗಿನ ಸಂತೆಯವರೆಗೆ ಬೆಳೆದಿತ್ತು. ಮಿಠಾಯಿ ಅಂಗಡಿ, ಬಳೆ ಅಂಗಡಿ, ಐಸ್‌ಕ್ರೀಮು, ಮೊಂಬತ್ತಿ ಮಾರುವ ಹುಡುಗರು. ನಮ್ಮ ಮುಂದೆ ಮಲ್ಲಿಗೆ ಮುಡಿದ, ಹಣೆಯಲ್ಲಿ ಕುಂಕುಮವಿಟ್ಟ ಹೆಂಗಸೊಬ್ಬರು ಮೊಳದುದ್ದದ ಮೊಂಬತ್ತಿಗಳ ಕಟ್ಟನ್ನು ಮಗುವಿನ ಹಾಗೆ ಎದೆಗವಚಿ ನಿಂತಿದ್ದರು. ಮಗನ ವೀಸಾ ಆದರೆ ಇಷ್ಟು ಹಚ್ಚುತ್ತೇನೆ ಎಂದು ಹರಕೆ ಹೇಳಿದ್ದರಂತೆ, ವೀಸಾ ಆಗಿತ್ತು. "ನೀವು ಕ್ರಿಶ್ಚಿಯನ್ನಾ?" ಎಂದು ಹುಡುಗಿ ತನ್ನ ಹೊಸ ಕನ್ನಡದಲ್ಲಿ ಕೇಳಿಯೇಬಿಟ್ಟಳು. "ಇಲ್ಲಪ್ಪ, ನಾವು ನಿಟ್ಟೆಯವರು" ಎಂದರು ಆಕೆ. ಮೊಂಬತ್ತಿ ಹಚ್ಚುವಲ್ಲಿ ಮೇಣ ಕರಗಿ ಕೆಳಗೆ ದಪ್ಪಗೆ ಹರಿದಿತ್ತು. ಒಬ್ಬರು ಇಟ್ಟು ಕೈ ಮುಗಿದು ಸರಿಯುವಷ್ಟರಲ್ಲಿ, ಸ್ವಯಂಸೇವಕ ಹುಡುಗ ಅರ್ಧ ಉರಿದದ್ದನ್ನು ತೆಗೆದು ಮುಂದಿನವರಿಗೆ ಜಾಗ ಮಾಡುತ್ತಿದ್ದ. ಅವನ ಬೆರಳ ತುದಿಗಳೆಲ್ಲ ಮೇಣದಿಂದ ಬೆಳ್ಳಗಾಗಿದ್ದವು. ಅಜ್ಜನ ಹಳ್ಳಿಯ ಚರ್ಚಿನಲ್ಲಿ ಭಾನುವಾರ ಏಳೆಂಟು ಮುದುಕರು ಸೇರಿದರೆ ಹೆಚ್ಚು ಎಂದು ಅವಳು ದಾರಿಯಲ್ಲಿ ಹೇಳಿದಳು. 2016ರಲ್ಲಿ ಅತ್ತೂರಿಗೆ ರೋಮು ಬಸಿಲಿಕದ ಪಟ್ಟ ಕೊಟ್ಟಿದೆ. ನಿಟ್ಟೆಯ ಆ ತಾಯಿಯಂಥವರು ಅದಕ್ಕಾಗಿ ಕಾದು ಕೂತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

1678ರ ಮೂಲದ, ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ ನೋಡಿದೆವು. ಬ್ರಹ್ಮಾವರಕ್ಕೂ ಹೋದೆವು, ಗೋವಾದ ಬಿಷಪ್ಪರ ಕೆಳಗೋ ಪೋಪರ ನೇರ ಕೈಕೆಳಗೋ ಎಂಬ ಜಗಳದಲ್ಲಿ 1880ರ ದಶಕದಲ್ಲಿ ಮುನಿದು ಹೊರಬಂದ ಕೊಂಕಣಿ ಕ್ರೈಸ್ತರು ಅಲ್ಲಿ ಈಗ ಕೇರಳದ ಸಿರಿಯನ್ ಪದ್ಧತಿಯಲ್ಲಿ ಪ್ರಾರ್ಥಿಸುತ್ತಾರೆ. ನಮ್ಮ ಮಠಗಳ ಪರ್ಯಾಯದ ವ್ಯಾಜ್ಯ ಕೇಳಿ ಬೆಳೆದ ಉಡುಪಿಯವನಿಗೆ ಈ ಜಗಳ ಅರ್ಥವಾಗಲು ಕಷ್ಟವಿಲ್ಲ. ಹುಡುಗಿಗೆ ಆಗಲಿಲ್ಲ. ಪಡುಬಿದ್ರಿಯ ಬ್ರಹ್ಮಸ್ಥಾನಕ್ಕೂ ಕರೆದುಕೊಂಡು ಹೋಗಿ ದೂರದಿಂದ ತೋರಿಸಿದೆ. ಮರಗಳು, ಮರಳು, ಅಷ್ಟೆ. "ಕಟ್ಟಡ ಎಲ್ಲಿ?" ಎಂದು ಹುಡುಕಿದಳು. ಇಲ್ಲ ಎಂದೆ. ಆ ದಿನ ಅವಳು ಅತ್ಯಂತ ಹೆಚ್ಚು ಹೊತ್ತು ನಿಂತದ್ದು ಅಲ್ಲಿ.

ಬಂದು ಏನು ಸೇವೆ ಮಾಡಿದಳು ಎಂದು ಕೇಳುವವರಿದ್ದಾರೆ. ಹಾಸ್ಟೆಲಿನ ಮಕ್ಕಳಿಗೆ ಇಂಗ್ಲಿಷು ಕಲಿಸಬೇಕಿತ್ತು; ಮಕ್ಕಳೇ ಅವಳಿಗೆ ಕನ್ನಡವನ್ನೂ ತುಳುವಿನ ಬೈಗುಳಗಳನ್ನೂ ಕಲಿಸಿಬಿಟ್ಟರು. ಕುಚ್ಚಲಕ್ಕಿ ಗಂಜಿಯನ್ನು ಉಪ್ಪಿನಕಾಯಿ ನೆಂಚಿಕೊಂಡು ಉಣ್ಣಲು ಕಲಿತಳು. ಮಳೆಗಾಲದಲ್ಲಿ ಒಣಗದ ಬಟ್ಟೆಯ ವಾಸನೆಗೆ ಒಗ್ಗಿದಳು. ಒಂದು ವರ್ಷದಲ್ಲಿ ಇದಕ್ಕಿಂತ ಹೆಚ್ಚು ಮಾಡುತ್ತೇನೆಂದು ಹೊರಟವರನ್ನು ಕಂಡರೆ ನನಗೆ ಭಯ. ಕಿಟ್ಟೆಲರಿಗೂ ಉಳಿದ ಹೆಸರು ಉಪದೇಶದಿಂದ ಬಂದದ್ದಲ್ಲ, ಇಲ್ಲಿಯವರ ಎದುರು ಕೂತು ಕಲಿತದ್ದರಿಂದ ಬಂದದ್ದು. ಕಲಿಯಲು ಒಂದು ವರ್ಷ ಶುರುವಿಗೆ ಸಾಕು.

ಜುಲಾಯಿಯಲ್ಲಿ ಅವಳು ಹೊರಟಳು. ಈಗ ಅಲ್ಲಿ ನರ್ಸಿಂಗ್ ಓದುತ್ತಿದ್ದಾಳೆ.

ಅವಳಿಗೆ ಒಂದು ವರ್ಷ ಇತ್ತು, ನಮ್ಮ ಮಕ್ಕಳಿಗೆ ಇಲ್ಲ ಎಂದು ನೀವು ಅನ್ನಬಹುದು. ಇದೆ ಮಾರಾಯ್ರೆ. ನೀಟ್‌ನಲ್ಲಿ ಸೀಟು ಸಿಗದ ಮಗಳನ್ನು 'ಲಾಂಗ್ ಟರ್ಮ್' ಎಂದು ಲಕ್ಷಗಟ್ಟಲೆ ಕಟ್ಟಿ ಕೋಚಿಂಗ್ ಹಾಸ್ಟೆಲಿನಲ್ಲಿ ವರ್ಷವಿಡೀ ಕೂರಿಸುತ್ತೀರಲ್ಲ, ಅದು ಗ್ಯಾಪಲ್ಲದೆ ಮತ್ತೇನು? ಒಂದು ಸಲವಾದರೂ ಅವಳನ್ನು ಕೇಳಿ ನೋಡಿ, ಆ ವರ್ಷವನ್ನು ಅವಳು ಎಲ್ಲಿ ಕಳೆಯಬೇಕೆಂದಿದ್ದಾಳೆ ಎಂದು. ಜರ್ಮನಿಯೇ ಆಗಬೇಕೆಂದಿಲ್ಲ, ಬೀದರಿನ ಒಂದು ಹಳ್ಳಿ ಶಾಲೆ ಆದೀತು, ಕಾಸರಗೋಡಿನ ಕನ್ನಡ ಶಾಲೆ ಆದೀತು. ಮದುವೆ ಮಾತುಕತೆಯಲ್ಲಿ ಯಾರಾದರೂ "ಆ ವರ್ಷ ಎಂತ ಮಾಡಿದ್ದು?" ಎಂದು ಕೇಳಿದರೆ ನನ್ನನ್ನು ಕರೆಯಿರಿ. ಬಂದು ಉತ್ತರ ಹೇಳುವ ಜವಾಬ್ದಾರಿ ನನ್ನದು.